ಬಾರ್ಶಿಯ ಸಣ್ಣ ಗಾಡಿ

ನಮ್ಮ ಸೋದರತ್ತೆಯವರನ್ನು ಕೊಟ್ಟ ಊರು ಬಾರ್ಶಿ. ಸೊಲ್ಲಾಪುರದಿಂದ ಹೊರಟು, ಕುರ್ಡುವಾಡಿಯಲ್ಲಿ ದೊಡ್ಡ ಗಾಡಿಯಿಂದಿಳಿದು ಸಣ್ಣ ಗಾಡಿ ಏರಬೇಕಿತ್ತು. 1960ರ ಸುಮಾರಿಗೆ ತೀರ್ಥರೂಪರ ಕೈಹಿಡಿದು ಹೋಗುವಾಗಲೆಲ್ಲ ನಮಗೆ ನಗು ಬರುತ್ತಿತ್ತು. ಹಳಿಗಳ ನಡುವೆ 2 ಅಡಿ 6 ಅಂಗುಲದ ಅಂತರ. ಹೊಗೆಯುಗುಳುವ ಎಂಜಿನೋ ಜಾತ್ರೆಯಲ್ಲಿ ಕೊಂಡ ಆಟಿಕೆಯಂತೆ!

ಆ ಆಟಿಕೆಯ ಹಿಂದಿದ್ದ ಬುದ್ಧಿಯನ್ನು ಅರಿತದ್ದು ತಡವಾಗಿ. ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರು 1882ರಲ್ಲಿ ಜಿ.ಐ.ಪಿ. ರೈಲ್ವೆಯ ನೌಕರಿಗೆ ಬಂದವರು. ಹಣವಿಲ್ಲದ ಹಳ್ಳಿಸೀಮೆಗೆ ರೈಲು ಬರಬೇಕಾದರೆ ಹಳಿ ತೆಳುವಾಗಿರಬೇಕು. ಆ ತೆಳು ಹಳಿಯ ಮೇಲೆಯೇ ಭಾರವೆಳೆಯುವ ಎಂಜಿನು ಓಡಬೇಕು. ಯಾವ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಹೊರೆ ಬೀಳಕೂಡದೆಂದು ಅವರು ಕಟ್ಟಳೆ ಮಾಡಿಕೊಂಡರು. ಲೀಡ್ಸ್‌ನ ಕಿಟ್ಸನ್ ಕಾರ್ಖಾನೆ ಕಟ್ಟಿದ ಮೊದಲ ಎಂಜಿನುಗಳಿಗೆ ಒಂದಕ್ಕೊಂದು ಜೋಡಿಸಿದ 8 ಚಕ್ರಗಳು, ಹಿಂದೆ ಭಾರ ಹೊರಲು ಇನ್ನೂ 4. ವ್ಯಾಗನ್ನುಗಳಿಗೂ ಅದೇ ಕಟ್ಟಳೆ. 1897ರಲ್ಲಿ ಬಾರ್ಶಿಗೆ ಗಾಡಿ ಬಂದಿತು; 1906ರಲ್ಲಿ ಪಂಢರಪುರಕ್ಕೆ, 1911ರಲ್ಲಿ ಲಾತೂರಿಗೆ, 1927ರಲ್ಲಿ ನಮ್ಮ ಗಡಿಯಂಚಿನ ಮಿರಜಕ್ಕೆ. ವಿಠ್ಠಲನ ಯಾತ್ರಿಕರನ್ನು ಹೊತ್ತದ್ದೂ ಅದೇ ಗಾಡಿ. (ಕ್ಯಾಲ್ತ್ರಾಪ್ ಮುಂದೆ ವಿಮಾನ ನಡೆಸುವವರಿಗಾಗಿ ಧುಮುಕುಕೊಡೆ ರೂಪಿಸಿದರು, ಭಾರವನ್ನು ಹಗುರಾಗಿ ನೆಲಕ್ಕಿಳಿಸುವ ಚಿಂತೆ ಅವರನ್ನು ಬಿಡಲಿಲ್ಲವೇನೋ!) 1954ರಲ್ಲಿ ಸರ್ಕಾರ ಈ ರೈಲ್ವೆಯನ್ನು ಕೊಂಡುಕೊಂಡಿತು. ಈಗ ಆ ದಾರಿಯಲ್ಲಿ ಬ್ರಾಡ್‌ಗೇಜ್ ಹಳಿಗಳಿವೆ.

ಅತ್ತೆಯವರ ಮನೆಯಲ್ಲಿ ಗಡಿಯಾರವಿರಲಿಲ್ಲ. ಎಂಜಿನಿನ ಸಿಳ್ಳು ಕೇಳಿದೊಡನೆ ಒಲೆಯ ಮೇಲೆ ಹಂಚಿಡುವರು. ನಾವು ಹೊಸ್ತಿಲು ದಾಟುವಷ್ಟರಲ್ಲಿ ಬಿಸಿ ರೊಟ್ಟಿ ಸಿದ್ಧ. ನೌಕರಿ ಸೇರಿದ ಬಳಿಕ ನಮಗೆ ಆ ಗಾಡಿಯಲ್ಲಿ ಕುಳಿತುಕೊಳ್ಳಲು ನಾಚಿಕೆ. ಇಷ್ಟು ನಿಧಾನದ ಗಾಡಿಯಲ್ಲಿ ಯಾರು ಹೋಗುವರೆಂದು ಒಂದು ವರ್ಷ ತಪ್ಪಿಸಿದೆವು; ಹಾಗೆಯೇ ಐದು ವರ್ಷಗಳಾದವು. ಬರಬೇಕೆಂದು ಅತ್ತೆಯವರು ಬರೆಸಿದ ಕಾಗದಗಳಿಗೆ ‘ಬರುವ ದೀಪಾವಳಿಗೆ’ ಎಂದು ಉತ್ತರಿಸಿದ್ದೆವು.

1974ರಲ್ಲಿ ಅವರು ಲಿಂಗೈಕ್ಯರಾದರು. ತಂತಿ ತಲುಪಿ ನಾವು ಹೋದದ್ದು ಮೂರನೆಯ ದಿನ. ಅವರ ಸೊಸೆ ನಮಗೆ ನೀರು ಕೊಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ಹೇಳಿದರು: “ಹಾಸಿಗಿ ಹಿಡದ ಮ್ಯಾಲೂ ಸಿಳ್ಳ ಕೇಳಿದ್ರ ಸಾಕು, ‘ಹಂಚ ಇಡವಾ, ನಮ್ಮ ತಮ್ಮನ ಮಗ ಬಂದಾನು’ ಅಂತಿದ್ರು. ದಿನಾ ಇಡತಿದ್ದೆ.”

ಆ ದಿನವೂ ನಾವು ಬಂದದ್ದು ಬಸ್ಸಿನಲ್ಲಿ.