ನಗುವಿನ ನಡುವೆ ಕೇಳಿದ ಕ್ಷಮೆ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾನೆ. "ಮೇಷ್ಟ್ರೇ, ತಪ್ಪು ಮಾಡಿದ ಪ್ರಸಿದ್ಧರಲ್ಲಿ ಕೆಲವರನ್ನು ಜನ ಕ್ಷಮಿಸಿಬಿಡುತ್ತಾರೆ, ಕೆಲವರನ್ನು ಮರೆತೂ ಕ್ಷಮಿಸುವುದಿಲ್ಲ. ಇದರ ಲೆಕ್ಕಾಚಾರವೇನು?" ಎಂಬುದು ಅವನ ಪ್ರಶ್ನೆ. ಉದಾಹರಣೆಯಾಗಿ ಅವನು ಹೆಸರಿಸಿದ್ದು ಡೇವಿಡ್ ಲೆಟರ್‌ಮನ್ ಎಂಬ ದೂರದರ್ಶನದ ಹಾಸ್ಯಗಾರರನ್ನು. ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ. ಪತ್ರದಲ್ಲಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಅನೇಕರಿಗೆ ಈ ಹೆಸರು ಅಪರಿಚಿತವಾಗಿರಬಹುದು. ಅಮೆರಿಕದ ದೂರದರ್ಶನದಲ್ಲಿ ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ಮಾತುಕತೆಯ ಕಾರ್ಯಕ್ರಮಗಳು ಪ್ರಸಾರವಾಗುತ್ತವೆ. ಸೂಟು ಧರಿಸಿದ ಒಬ್ಬ ನಿರೂಪಕ ಮೊದಲು ನಿಂತುಕೊಂಡು ಆ ದಿನದ ಸುದ್ದಿಯನ್ನೆಲ್ಲ ಗೇಲಿ ಮಾಡುತ್ತಾನೆ. ಬಳಿಕ ಮೇಜಿನ ಹಿಂದೆ ಕುಳಿತು ನಟನಟಿಯರನ್ನು, ರಾಜಕಾರಣಿಗಳನ್ನು ಮಾತನಾಡಿಸುತ್ತಾನೆ. ಇಂಥ ಕಾರ್ಯಕ್ರಮಗಳಲ್ಲಿ ಹೆಸರಾದ 'ಟುನೈಟ್ ಶೋ'ವನ್ನು ಜಾನಿ ಕಾರ್ಸನ್ 1962ರಿಂದ 1992ರವರೆಗೆ, ಅಂದರೆ ಸುಮಾರು ಮೂವತ್ತು ವರ್ಷ ನಡೆಸಿದರು. ಅವರ ನಂತರ ಆ ಪೀಠ ತಮಗೇ ಸಿಗುವುದೆಂದು ಲೆಟರ್‌ಮನ್ ನಂಬಿದ್ದರು. ಅದು ಜೇ ಲೆನೊ ಅವರ ಪಾಲಾಯಿತು. 1982ರಿಂದ ಎನ್‌ಬಿಸಿ ವಾಹಿನಿಯಲ್ಲಿ ಇನ್ನೂ ತಡರಾತ್ರಿಯ ಕಾರ್ಯಕ್ರಮ ನಡೆಸುತ್ತಿದ್ದ ಲೆಟರ್‌ಮನ್ 1993ರಲ್ಲಿ ಸಿಬಿಎಸ್‌ಗೆ ಹೋಗಿ, ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿರುವ ಎಡ್ ಸಲಿವನ್ ರಂಗಮಂದಿರದಲ್ಲಿ 'ಲೇಟ್ ಶೋ' ಆರಂಭಿಸಿದರು.

ಇಂಡಿಯಾನಾ ರಾಜ್ಯದಲ್ಲಿ 1947ರಲ್ಲಿ ಹುಟ್ಟಿ, ಊರಿನ ವಾಹಿನಿಯಲ್ಲಿ ಹವಾಮಾನ ವರದಿ ಓದುತ್ತಿದ್ದ ಮನುಷ್ಯ ಅವರು. ಅವರ ಹಾಸ್ಯದಲ್ಲಿ ಸಿಹಿಗಿಂತ ಒಗರು ಹೆಚ್ಚು. ತಮ್ಮನ್ನು ತಾವೇ ಹೀಯಾಳಿಸಿಕೊಳ್ಳುವುದು ಅವರ ರೂಢಿ. 2000ದ ಜನವರಿಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರಗಳ ಬಳಿಕ ಮರಳಿದಾಗ ತಮ್ಮನ್ನು ಉಳಿಸಿದ ವೈದ್ಯರನ್ನೂ ದಾದಿಯರನ್ನೂ ವೇದಿಕೆಗೆ ಕರೆದು ಕಣ್ಣೀರು ತುಂಬಿಕೊಂಡರು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, 17ರ ರಾತ್ರಿ ಅವರು ನಗೆಯನ್ನು ಬದಿಗಿಟ್ಟು ಗದ್ಗದರಾಗಿ ಆಡಿದ ಮಾತುಗಳನ್ನು ಆ ನಗರದವರು ಇಂದಿಗೂ ನೆನೆಯುತ್ತಾರೆ. ಹೀಗೆ ರಾತ್ರಿ ರಾತ್ರಿ ಮನೆಯೊಳಗೆ ಬರುವ ಮನುಷ್ಯ ನಿಧಾನವಾಗಿ ಮನೆಯವನೇ ಆಗಿಬಿಡುತ್ತಾನೆ. ಜನಾಭಿಪ್ರಾಯದ ಮೊದಲ ಗುಟ್ಟು ಇದೇ ಎಂದು ನನಗೆ ತೋರುತ್ತದೆ. ಅಪರಿಚಿತನ ತಪ್ಪಿಗೆ ನಾವು ನ್ಯಾಯಾಧೀಶರು, ಮನೆಯವನ ತಪ್ಪಿಗೆ ವಕೀಲರು.

ಇನ್ನು ಹಗರಣದ ವಿಷಯ. 2009ರ ಸೆಪ್ಟೆಂಬರಿನ ಒಂದು ಮುಂಜಾನೆ ಲೆಟರ್‌ಮನ್ನರಿಗೆ ತಮ್ಮ ಕಾರಿನಲ್ಲಿ ಒಂದು ಪೊಟ್ಟಣ ಸಿಕ್ಕಿತು. ತಮ್ಮ ಕಾರ್ಯಕ್ರಮದಲ್ಲಿ ಕೆಲಸಕ್ಕಿದ್ದ ಹೆಂಗಸರೊಂದಿಗೆ ಅವರಿಗಿದ್ದ ಸಂಬಂಧಗಳನ್ನೆಲ್ಲ ಚಿತ್ರಕಥೆಯಾಗಿ ಬರೆದು ಬಯಲಿಗೆಳೆಯುವುದಾಗಿ, ಹಾಗಾಗಬಾರದೆಂದಿದ್ದರೆ 20 ಲಕ್ಷ ಡಾಲರು ಕೊಡಬೇಕಾಗಿ ಅದರಲ್ಲಿತ್ತು. ಬೆದರಿಸಿದವನು ಹೊರಗಿನವನಲ್ಲ, ಅದೇ ಸಿಬಿಎಸ್‌ನ ಸುದ್ದಿ ವಿಭಾಗದ ಒಬ್ಬ ನಿರ್ಮಾಪಕ. ಲೆಟರ್‌ಮನ್ ಹಣ ಕೊಟ್ಟು ಬಾಯಿ ಮುಚ್ಚಿಸಲು ಹೋಗದೆ ಮ್ಯಾನ್‌ಹಟನ್‌ನ ಸರಕಾರಿ ಅಭಿಯೋಜಕರ ಬಳಿಗೆ ಹೋದರು. ಸುಳ್ಳು ಚೆಕ್ಕೊಂದನ್ನು ಆತನಿಗೆ ಕೊಡಲಾಯಿತು. ಅದನ್ನು ಬ್ಯಾಂಕಿಗೆ ಹಾಕಿ ಆತ ಸಿಕ್ಕಿಬಿದ್ದ. 2010ರಲ್ಲಿ ತಪ್ಪೊಪ್ಪಿಕೊಂಡು ಆರು ತಿಂಗಳ ಸೆರೆವಾಸವನ್ನೂ ಸಾವಿರ ಗಂಟೆಗಳ ಸಮಾಜಸೇವೆಯ ಶಿಕ್ಷೆಯನ್ನೂ ಪಡೆದ.

2009ರ ಅಕ್ಟೋಬರ್ 1ರ ರಾತ್ರಿ ಲೆಟರ್‌ಮನ್ ಇದನ್ನೆಲ್ಲ ಸ್ವತಃ ಪ್ರೇಕ್ಷಕರಿಗೆ ಹೇಳಿದರು. ಒಂದು ಕಥೆ ಹೇಳುತ್ತೇನೆಂಬಂತೆ ಆರಂಭಿಸಿದರು. ಕಾರಿನ ಪೊಟ್ಟಣ, ಬೆದರಿಕೆ, ತಮ್ಮ ಭಯ ಎಲ್ಲವನ್ನೂ ಎಂದಿನ ವಕ್ರ ಧಾಟಿಯಲ್ಲೇ ವಿವರಿಸುತ್ತ ಹೋಗಿ, ಕೊನೆಗೆ ಆ ಸಂಬಂಧಗಳು ನಿಜವೆಂದು ಒಪ್ಪಿಕೊಂಡರು. ನನ್ನನ್ನು ಬಹಳ ಕಾಡಿದ್ದು ಅವರ ಮಾತಲ್ಲ, ಪ್ರೇಕ್ಷಕರ ನಗು. ರಂಗಮಂದಿರದಲ್ಲಿದ್ದವರು ಉದ್ದಕ್ಕೂ ನಗುತ್ತಲೇ ಇದ್ದರು. ಇದು ತಮಾಷೆಯೋ ನಿಜವೋ ಎಂದು ಬಹಳ ಹೊತ್ತು ಅವರಿಗೆ ತಿಳಿಯಲಿಲ್ಲ. ತಿಳಿದ ಮೇಲೂ ಚಪ್ಪಾಳೆ ತಟ್ಟಿದರು. ನಾಲ್ಕು ದಿನಗಳ ನಂತರ, 5ನೆಯ ತಾರೀಖು, ಅವರು ಮತ್ತೆ ಅದೇ ವೇದಿಕೆಯಿಂದ ಪತ್ನಿಯ ಕ್ಷಮೆ ಕೇಳಿದರು, ಸಿಬ್ಬಂದಿಯ ಕ್ಷಮೆಯನ್ನೂ ಕೇಳಿದರು. ಆ ಸಂಬಂಧಗಳು 2009ರ ಮಾರ್ಚಿನಲ್ಲಿ ನಡೆದ ಮದುವೆಗಿಂತ ಹಿಂದಿನವೆಂದು ಅವರ ಕಡೆಯವರು ಸಮಜಾಯಿಷಿ ಕೊಟ್ಟಿದ್ದರು. ಆದರೆ ಆ ದಂಪತಿಗಳು ಅದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಜೊತೆಗಿದ್ದವರು. 2003ರಲ್ಲೇ ಅವರಿಗೆ ಮಗ ಹುಟ್ಟಿದ್ದ.

ಜನ ಏನೆಂದರು? ಬಹುಮಟ್ಟಿಗೆ ಕ್ಷಮಿಸಿದರು. ನೋಡುವವರ ಸಂಖ್ಯೆ ಇಳಿಯುವ ಬದಲು ಆ ದಿನಗಳಲ್ಲಿ ಏರಿತು. ಕೆಲಸವೂ ಉಳಿಯಿತು. 2015ರ ಮೇ 20ರಂದು ಅವರು ತಮ್ಮ ಇಚ್ಛೆಯಂತೆ ನಿವೃತ್ತರಾದಾಗ ಮೂವತ್ಮೂರು ವರ್ಷಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಸಂಚಿಕೆಗಳನ್ನು ಮುಗಿಸಿದ್ದರು. ಬೀಳ್ಕೊಡುಗೆಯಲ್ಲಿ ಹಗರಣದ ನೆರಳು ಎದ್ದು ಕಾಣಲಿಲ್ಲ.

ಇದಕ್ಕೆ ಕಾರಣಗಳನ್ನು ಹುಡುಕುವುದು ಕಷ್ಟವಲ್ಲ. ಮೊದಲನೆಯದು, ಸುದ್ದಿಯನ್ನು ಅವರೇ ಮೊದಲು ಹೇಳಿದರು. ಬೇರೆಯವರು ಕಂಡುಹಿಡಿದ ತಪ್ಪು ಅಪರಾಧವೆನಿಸಿದರೆ ತಾನೇ ಹೇಳಿಕೊಂಡದ್ದು ಪ್ರಾಮಾಣಿಕತೆಯೆನಿಸುತ್ತದೆ. ಎರಡನೆಯದು, ಕಥೆಯಲ್ಲಿ ಅವರಿಗಿಂತ ದೊಡ್ಡ ಖಳನಾಯಕನಿದ್ದ. ಹಣಕ್ಕಾಗಿ ಬೆದರಿಸಿದವನ ಪಕ್ಕದಲ್ಲಿ ನಿಂತಾಗ ಬೆದರಿಕೆಗೆ ಒಳಗಾದವನು ಸಜ್ಜನನಾಗಿಯೇ ಕಾಣುತ್ತಾನೆ. ಮೂರನೆಯದು, ಅವರು ಹಾಸ್ಯಗಾರ. ಅದಕ್ಕೂ ಹಿಂದಿನ ವರ್ಷ, 2008ರಲ್ಲಿ, ಇಂಥದೇ ಖಾಸಗಿ ಹಗರಣದಲ್ಲಿ ನ್ಯೂಯಾರ್ಕ್ ರಾಜ್ಯದ ಗವರ್ನರ್ ಎಲಿಯಟ್ ಸ್ಪಿಟ್ಜರ್ ಅಧಿಕಾರ ಕಳೆದುಕೊಂಡಿದ್ದರು. ನೀತಿಯ ಉಪದೇಶ ಮಾಡಿದವನು ಜಾರಿದರೆ ಜನ ಕೆರಳುತ್ತಾರೆ. ನೀತಿಯ ಗುತ್ತಿಗೆ ಹಿಡಿಯದ ವಿದೂಷಕ ಜಾರಿದರೆ ಅದನ್ನೂ ಒಂದು ಪ್ರಸಂಗವೆಂದೇ ತಿಳಿಯುತ್ತಾರೆ.

ಆದರೆ ಈ ಮೂರನೆಯ ಕಾರಣದಲ್ಲಿ ಒಂದು ಮುಳ್ಳಿದೆ. ಸಂಸ್ಕೃತ ನಾಟಕಗಳ ವಿದೂಷಕ ರಾಜನ ಗೆಳೆಯ, ಸಿಂಹಾಸನ ಅವನದಲ್ಲ. ಸಿಂಹಾಸನ ಇಲ್ಲದವನೆಂಬ ಕಾರಣಕ್ಕೇ ಅವನ ಕೊಂಕುಮಾತಿಗೆ ಬೆಲೆ. ಲೆಟರ್‌ಮನ್ ಹಾಗಲ್ಲ. ಅವರ ಕಾರ್ಯಕ್ರಮದ ಒಡೆತನ ವಾಹಿನಿಯದಾಗಿರಲಿಲ್ಲ. ಅವರದೇ ಕಂಪನಿ ಅದನ್ನು ತಯಾರಿಸುತ್ತಿತ್ತು. ಸಂಬಳ, ಬಡ್ತಿ, ಕ್ಯಾಮೆರಾದ ಎದುರು ಕಾಣಿಸಿಕೊಳ್ಳುವ ಅವಕಾಶ ಎಲ್ಲವೂ ಕೊನೆಗೆ ಅವರ ಕೈಯಲ್ಲಿತ್ತು. ವೇದಿಕೆಯ ಮೇಲೆ ವಿದೂಷಕ, ಕಚೇರಿಯಲ್ಲಿ ರಾಜ. ಯಾರೂ ದೂರು ಕೊಟ್ಟಿಲ್ಲ, ನಮ್ಮ ನಿಯಮಗಳನ್ನು ಅವರು ಮೀರಿಲ್ಲ ಎಂದು ಆಗ ಕಂಪನಿ ಹೇಳಿತು. ಅದು ನಿಜವೇ. ಹಾಗಿದ್ದರೂ ದೂರನ್ನು ಒಯ್ದು ಕೊಡಬೇಕಾದ ಬಾಗಿಲು ಅವರದೇ ಅಲ್ಲವೇ ಎಂದು ಕೇಳಿದವರು ಆ ಗದ್ದಲದಲ್ಲಿ ಕೆಲವರೇ. ಅಮೆರಿಕದ ರಾಷ್ಟ್ರೀಯ ಮಹಿಳಾ ಸಂಘಟನೆ ಈ ಅಧಿಕಾರದ ಅಸಮತೆಯನ್ನು ಎತ್ತಿ ತೋರಿಸಿತು.

ಇನ್ನೊಬ್ಬರು ನೆಲ್ ಸ್ಕೊವೆಲ್. ಸುಮಾರು 1990ರ ಹೊತ್ತಿಗೆ ಲೆಟರ್‌ಮನ್ನರ ಎನ್‌ಬಿಸಿ ಕಾರ್ಯಕ್ರಮಕ್ಕೆ ಹಾಸ್ಯ ಬರೆಯುತ್ತಿದ್ದ ಲೇಖಕಿ. ಅಂಥ ಕೆಲಸಕ್ಕಾಗಿ ಕನಸು ಕಂಡಿದ್ದ ಈಕೆ ಕೆಲವೇ ತಿಂಗಳಲ್ಲಿ ಅದನ್ನು ಬಿಟ್ಟುಹೋಗಿದ್ದರು. ಹಗರಣ ಬಯಲಾದ ತಿಂಗಳಲ್ಲೇ 'ವ್ಯಾನಿಟಿ ಫೇರ್' ಪತ್ರಿಕೆಗಾಗಿ ಬರೆದ ಲೇಖನದಲ್ಲಿ ಅದರ ಕಾರಣವನ್ನು ಹೇಳಿದರು. ತಮ್ಮನ್ನು ಯಾರೂ ಬಲವಂತಪಡಿಸಲಿಲ್ಲ. ಆದರೆ ಮೇಲಿನವರೊಂದಿಗೆ ಸಂಬಂಧವಿದ್ದ ಹೆಂಗಸರಿಗೆ ಸಿಗುವ ಮನ್ನಣೆಯೇ ಬೇರೆಯಾಗಿದ್ದ ಆ ವಾತಾವರಣದಲ್ಲಿ ತಮ್ಮ ಬರವಣಿಗೆಗೆ ಬೆಳೆಯಲು ಜಾಗವಿರಲಿಲ್ಲ ಎಂಬುದು ಅವರ ಮಾತಿನ ಸಾರ. ಲೆಟರ್‌ಮನ್, ಲೆನೊ, ಕೊನನ್ ಓಬ್ರಿಯನ್ ಮೂವರ ಕಾರ್ಯಕ್ರಮಗಳಿಗೂ ಸೇರಿ ಆಗ ಒಬ್ಬ ಹೆಣ್ಣು ಬರಹಗಾರಳೂ ಇರಲಿಲ್ಲವೆಂದು ಅವರು ಎತ್ತಿ ತೋರಿಸಿದರು. ಹಾಸಿಗೆಯ ಸುದ್ದಿಗೆ ಮುಗಿಬಿದ್ದ ಜಗತ್ತಿಗೆ ಅವರು ತೋರಿಸಿದ್ದು ಬರೆಯುವ ಮೇಜನ್ನು. ಜನಾಭಿಪ್ರಾಯಕ್ಕೆ ಹಾಸಿಗೆಯಲ್ಲಿದ್ದಷ್ಟು ಕುತೂಹಲ ಮೇಜಿನ ವಿಷಯದಲ್ಲಿ ಇರಲಿಲ್ಲ.

ನನ್ನ ವೃತ್ತಿಜೀವನದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನಿದ್ದ ಶಾಲೆಯೊಂದರಲ್ಲಿ ಮಕ್ಕಳಿಗೆ ಪಂಚಪ್ರಾಣವಾಗಿದ್ದ ಅಧ್ಯಾಪಕರೊಬ್ಬರಿದ್ದರು. ಅವರ ಪಾಠವೆಂದರೆ ನಗೆಯ ಹೊನಲು. ಒಮ್ಮೆ ಪ್ರವಾಸಕ್ಕೆಂದು ಕೂಡಿಸಿದ್ದ ಹಣ ಕಾಣೆಯಾದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಎಲ್ಲರೆದುರು ಕಳ್ಳಿಯೆಂದು ಗದರಿದರು. ಎರಡು ದಿನಗಳ ನಂತರ ಹಣ ಅವರದೇ ಹಾಜರಿ ಪುಸ್ತಕದೊಳಗಿಂದ ಬಿತ್ತು. ಮರುದಿನ ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಅವರು ಏನನ್ನೂ ಮುಚ್ಚಿಡದೆ, ತಮ್ಮ ಮರೆಗುಳಿತನವನ್ನು ತಾವೇ ಗೇಲಿ ಮಾಡಿಕೊಳ್ಳುತ್ತ, ಕಿವಿ ಹಿಡಿದು ಬಸ್ಕಿ ಹೊಡೆದು ಕ್ಷಮೆ ಕೇಳಿದರು. ಶಾಲೆಗೆ ಶಾಲೆಯೇ ನಕ್ಕು ಚಪ್ಪಾಳೆ ತಟ್ಟಿತು. "ಎಂಥ ದೊಡ್ಡ ಮನಸ್ಸು!" ಎಂದು ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೂ ಕೊಂಡಾಡಿದರು. ಸಾಲಿನಲ್ಲಿ ನಿಂತ ಆ ಹುಡುಗಿಯ ಮುಖ ನನಗೆ ಕಾಣುತ್ತಿತ್ತು. ಅವಳು ನಗಲಿಲ್ಲ. ಇಡೀ ಶಾಲೆ ಕ್ಷಮಿಸಿದ ಮೇಲೆ ಕ್ಷಮಿಸದೆ ಉಳಿಯುವ ಹಕ್ಕೂ ಅವಳಿಗೆ ಉಳಿದಿರಲಿಲ್ಲ. ಮುಂದಿನ ವರ್ಷ ಅವಳು ಆ ಶಾಲೆಗೆ ಬರಲಿಲ್ಲ.

ಆ ಅಧ್ಯಾಪಕರು ಕೆಟ್ಟವರಲ್ಲ, ಅವರ ಪಶ್ಚಾತ್ತಾಪವೂ ಸುಳ್ಳಲ್ಲ. ಆದರೆ ನಗಿಸುವ ಶಕ್ತಿಯುಳ್ಳವನು ಕ್ಷಮೆ ಕೇಳುವಾಗ ಸಭೆಯನ್ನು ಗೆಲ್ಲುವುದು ಸುಲಭ. ಸಭೆ ಗೆದ್ದಮೇಲೆ ನೊಂದವರ ಬಳಿಗೆ ಒಂಟಿಯಾಗಿ ಹೋಗುವ ಅಗತ್ಯವೇ ಕಾಣದೆ ಹೋಗುತ್ತದೆ. ಲೆಟರ್‌ಮನ್ನರ ಪ್ರಸಂಗದಲ್ಲಿಯೂ ಹೀಗೆಯೇ. ವೇದಿಕೆ ಅವರದು, ಮೈಕು ಅವರದು, ಪ್ರೇಕ್ಷಕರೂ ಅವರವರೇ. ಆ ಹೆಂಗಸರಿಗೆ ಇವಾವುವೂ ಇರಲಿಲ್ಲ. ಅವರಲ್ಲಿ ಕೆಲವರ ಹೆಸರುಗಳು ಪತ್ರಿಕೆಗಳಲ್ಲಿ ಹರಿದಾಡಿದವು. ಆ ಹೆಸರುಗಳಿಗೆ ಚಪ್ಪಾಳೆ ಬೀಳಲಿಲ್ಲ.

ಕಾಲ ಬದಲಾಯಿತು. 2017ರ ಅಕ್ಟೋಬರಿನಲ್ಲಿ ಚಿತ್ರನಿರ್ಮಾಪಕ ಹಾರ್ವೆ ವೈನ್‌ಸ್ಟೀನ್‌ನ ದುಷ್ಕೃತ್ಯಗಳು ಬಯಲಾದವು. ನವೆಂಬರಿನಲ್ಲಿ, ರಾತ್ರಿಯ ಸಂದರ್ಶನಗಳಿಗೆ ಹೆಸರಾದ ಚಾರ್ಲಿ ರೋಸ್ ಹಲವು ಮಹಿಳೆಯರ ಆರೋಪದ ಬೆನ್ನಲ್ಲೇ ಕೆಲಸ ಕಳೆದುಕೊಂಡರು. ವಿಚಿತ್ರವೆಂದರೆ ಅದೇ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನಲ್ಲಿ ಲೆಟರ್‌ಮನ್ನರಿಗೆ ಹಾಸ್ಯಕ್ಕಾಗಿ ನೀಡುವ ಮಾರ್ಕ್ ಟ್ವೇನ್ ಪ್ರಶಸ್ತಿಯ ಗೌರವ ಸಂದಿತು. ಈ ಪ್ರಕರಣಗಳು ಒಂದೇ ತೂಕದವಲ್ಲ. ಉಳಿದಿಬ್ಬರ ಮೇಲಿದ್ದದ್ದು ಒಪ್ಪಿಗೆಯಿಲ್ಲದ ವರ್ತನೆಯ ಆರೋಪ. ಲೆಟರ್‌ಮನ್ನರ ಮೇಲೆ ಅಂಥ ದೂರಿರಲಿಲ್ಲ. ಎಲ್ಲ ತಪ್ಪನ್ನೂ ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ. ಆದರೂ 2009ರಲ್ಲಿ ನಕ್ಕವರು 2017ರಲ್ಲಿ ಹಾಗೆ ನಗುತ್ತಿದ್ದರೇ? ನನಗೆ ಸಂದೇಹವಿದೆ.

ಈ ಕಥೆಯ ಉತ್ತಮ ಭಾಗ ನಡೆದದ್ದು ಹತ್ತು ವರ್ಷಗಳ ಬಳಿಕ, ಯಾವ ಪ್ರೇಕ್ಷಕರೂ ಇಲ್ಲದ ಕಡೆ. 2019ರಲ್ಲಿ ನೆಲ್ ಸ್ಕೊವೆಲ್ ಮತ್ತು ಲೆಟರ್‌ಮನ್ ಎದುರುಬದುರು ಕುಳಿತು ಮಾತನಾಡಿದರು. ಸ್ಕೊವೆಲ್ಲರ ಆ ಹಳೆಯ ಲೇಖನವನ್ನು ಅವರು ಪ್ರಕಟವಾದಾಗ ಓದಿರಲಿಲ್ಲ. ಓದಿದ್ದು ಈ ಭೇಟಿಯ ಹೊತ್ತಿಗೆ. ಓದಿ, ಆಕೆಯ ಮಾತನ್ನು ಒಪ್ಪಿ, ಕ್ಷಮೆ ಕೇಳಿದರು. ಇದನ್ನು ಲೋಕಕ್ಕೆ ತಿಳಿಸಿದ್ದು ಸ್ಕೊವೆಲ್ ಅವರೇ, ಅದೇ ಪತ್ರಿಕೆಯಲ್ಲಿ. ಮೊದಲ ಕ್ಷಮೆಯ ಕಥೆ ಹೇಳಿದವನು ತಪ್ಪು ಮಾಡಿದವನು. ಎರಡನೆಯದರ ಕಥೆ ಹೇಳಿದ್ದು ಅನುಭವಿಸಿದವಳು. ಎರಡಕ್ಕೂ ಇರುವ ಅಂತರವನ್ನು ಗಮನಿಸಿ.

ಆದ್ದರಿಂದ ನನ್ನ ವಿದ್ಯಾರ್ಥಿಗೆ ನಾನು ಕೊಡುವ ಉತ್ತರ ಇಷ್ಟು. ಜನರ ಕ್ಷಮೆ ಬಹುಪಾಲು ಪ್ರೀತಿಯ ಲೆಕ್ಕ. ಇಷ್ಟವಾದವನನ್ನು ಅವರು ಕ್ಷಮಿಸುತ್ತಾರೆ, ಇಷ್ಟವಿಲ್ಲದವನಿಗೆ ಕಾನೂನು ತೋರಿಸುತ್ತಾರೆ. ಅದನ್ನು ನ್ಯಾಯವೆಂದು ಭ್ರಮಿಸಬಾರದು. ಯಾರಿಗೆ ಅನ್ಯಾಯವಾಯಿತೋ ಅವರ ಪರವಾಗಿ ಕ್ಷಮಿಸಲು ನೆರೆದ ಸಭೆಗೆ ಅಧಿಕಾರವಿಲ್ಲ.

ನನ್ನ ಹಳೆಯ ಮಕ್ಕಳಲ್ಲಿ ಅನೇಕರು ಇಂದು ನಾಲ್ಕು ಜನರ ಮೇಲೆ ಅಧಿಕಾರ ನಡೆಸುವ ಸ್ಥಾನದಲ್ಲಿದ್ದೀರಿ. ನಿಮ್ಮ ಮಾತಿಗೆ ಸುತ್ತಲಿನವರು ನಗುತ್ತಿರಬಹುದು. ಆ ನಗುವಿನಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ಸಂಬಳ ಎಂದು ಒಮ್ಮೊಮ್ಮೆ ಎಣಿಸಿ ನೋಡುವುದು ಒಳ್ಳೆಯದು. ಎಂದಾದರೂ ಕ್ಷಮೆ ಕೇಳುವ ಸಂದರ್ಭ ಬಂದರೆ, ಸಭೆಗೆ ಮೊದಲು ಆ ಒಬ್ಬರ ಬಳಿಗೆ ಹೋಗಿ. ಅವರು ಕ್ಷಮಿಸದಿದ್ದರೂ ಹೋಗಿ. ಹತ್ತು ವರ್ಷ ಕಾಯಬೇಡಿ.