ಹಲಗೆ ಬಿಟ್ಟ ಕೈಗೆ ಬಂದ ಡಿ.ಜೆ.

ಡಿ.ಜೆ. ಬಂದು ಹಳ್ಳಿ ಕೆಟ್ಟಿತು ಎಂದು ಬರೆಯುವವರು, ಭಾಷಣ ಮಾಡುವವರು ಈಗ ಬಹಳ ಮಂದಿ. ಅವರಲ್ಲಿ ನಮ್ಮ ಸಂಘಟನೆಯ ಗೆಳೆಯರೂ ಇದ್ದಾರೆ, ಮೇಷ್ಟ್ರುಗಳೂ ಇದ್ದಾರೆ. ಎದೆ ನಡುಗಿಸುವ ಸದ್ದು, ಕುಡಿದು ಕುಣಿಯುವ ಹುಡುಗರು, ಅರ್ಥವಿಲ್ಲದ ಹಾಡು, ಇದು ಅವರ ದೂರು. ದೂರಿನಲ್ಲಿ ಸುಳ್ಳಿಲ್ಲ. ಆದರೆ ಮದುವೆ ಕಾಲದಲ್ಲಿ ಕೂಡ್ಲಿಗಿಯಿಂದ ಕೊಟ್ಟೂರಿಗೆ, ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೆ, ಹರಪನಹಳ್ಳಿಗೆ ಓಡಾಡುವ ಡಿ.ಜೆ. ಗಾಡಿಯೊಂದನ್ನು ನಿಲ್ಲಿಸಿ, ಬಾಕ್ಸ್ ಹೊರುವ ಹುಡುಗರನ್ನು ‘ಯಾವ ಕೇರಿಯೋರಪ್ಪಾ’ ಎಂದು ಕೇಳಿ ನೋಡ್ರಿ. ನಮ್ಮವರು ಸಿಕ್ಕೇ ಸಿಗುತ್ತಾರೆ. ಆದ್ದರಿಂದ ಕೇರಿಯ ಕಡೆಯಿಂದ ನಾವೂ ನಾಲ್ಕು ಮಾತು ಹೇಳಬೇಕಾಗಿದೆ.

ನಾವು ಹಲಗೆ ಬಡಿದ ಜನ. ಊರಲ್ಲಿ ಹೆಣ ಬಿದ್ದರೆ ಹಲಗೆ, ದೇವರು ಹೊಳೆಗೆ ಹೊರಟರೆ ಹಲಗೆ, ಡಂಗುರ ಸಾರಬೇಕಾದರೆ ಹಲಗೆ. ಅಪ್ಪ ಜ್ವರದಲ್ಲಿ ಮಲಗಿದ್ದರೂ ‘ಏ, ಎದ್ದು ಬಾರಲೇ’ ಅಂತ ಓಣಿ ತುದಿಯಲ್ಲಿ ನಿಂತು ಕೂಗುತ್ತಿದ್ದರು. ಒಳಗೆ ಬರುತ್ತಿರಲಿಲ್ಲ, ಮುಟ್ಟಾದೀತಲ್ಲ! ಕೂಲಿ ಎಂದು ಕೈಗೆ ಎಣಿಸಿ ಕೊಟ್ಟದ್ದು ನಮಗೆ ನೆನಪಿಲ್ಲ. ಸುಗ್ಗಿಯಲ್ಲಿ ಕಣದ ಕಡೆಯ ಕಾಳು, ಮಣ್ಣು ಬೆರೆತದ್ದು, ಅದಕ್ಕೆ ಆಯ ಅಂತ ಹೆಸರು. ಹಬ್ಬದ ಮರುದಿನ ತಂಗಳು. ಹಲಗೆಯಲ್ಲಿ ಎಂಥ ಕಲೆ ಇದ್ದರೇನು, ಅದು ಬಿಟ್ಟಿ ಚಾಕರಿ.

ಎಪ್ಪತ್ತು ಎಂಬತ್ತರ ದಶಕಗಳಲ್ಲಿ ದಲಿತ ಸಂಘರ್ಷ ಸಮಿತಿಯ ಮಾತು ಊರೂರಿಗೆ ಬಂದಾಗ ‘ಹಲಗೆ ಬಡಿಯೋದಿಲ್ಲ’ ಎಂದು ಎಷ್ಟೋ ಕೇರಿಗಳು ಎದ್ದು ನಿಂತವು. ನಮ್ಮ ಕೇರಿಯೂ ನಿಂತಿತು. ಊರು ಸುಮ್ಮನಿರಲಿಲ್ಲ. ಕೂಲಿಗೆ ಕರೆಯಲಿಲ್ಲ, ಅಂಗಡಿಯಲ್ಲಿ ಬೆಂಕಿಪೆಟ್ಟಿಗೆ ಕೊಡಲಿಲ್ಲ, ಹಿಟ್ಟಿನ ಗಿರಣಿಯಲ್ಲಿ ಜೋಳ ಬೀಸಲಿಲ್ಲ. ಅವ್ವಂದಿರು ಹಳೆಯ ಬೀಸುಕಲ್ಲು ತೊಳೆದು ಕೂತರು. ಆ ಹಲಗೆಗಳು ಅಟ್ಟ ಸೇರಿದವು; ಕೆಲವನ್ನು ಇಲಿ ತಿಂದವು.

ಆಮೇಲೆ ಸದ್ದು ಮಾಡಿದ್ದು ಮೈಕ್ ಸೆಟ್. ಬೇವಿನ ಮರಕ್ಕೆ ಹಾರ್ನ್ ಕಟ್ಟಿ, ಅಹುಜಾ ಆಂಪ್ಲಿಫೈಯರಿಗೆ ಬ್ಯಾಟರಿ ಕೊಟ್ಟು, ಮೊದಲು ದೇವರ ಪದ, ಆಮೇಲೆ ಸಿನಿಮಾ ಹಾಡು. ತಟ್ಟೆ ಹೋಗಿ ಕ್ಯಾಸೆಟ್ ಬಂತು, ಕ್ಯಾಸೆಟ್ ಹೋಗಿ ಸೀಡಿ ಬಂತು. ನಮ್ಮ ಕಡೆ ಸೆಟ್ ಇಟ್ಟವರು ಬೇರೆಯವರು. ನಮ್ಮ ಹುಡುಗರು ಬ್ಯಾಟರಿ ಹೊತ್ತರು, ಮರ ಹತ್ತಿದರು. ಈ ಕಾಲವನ್ನು ಬಹಳ ಹೇಳುವುದಿಲ್ಲ.

ನಮ್ಮ ದೊಡ್ಡಪ್ಪನ ಮೊಮ್ಮಗನ ಕತೆ ಹೇಳಬೇಕು. ಈ ಸೀಮೆಯ ಬಡವರಿಗೆ ಮಳೆ ಹೋದರೆ ಗುಳೆ ತಪ್ಪಿದ್ದಲ್ಲ. ಇವನೂ ಪಿಯುಸಿಗೆ ಓದು ಬಿಟ್ಟು ಬೆಂಗಳೂರಿಗೆ ಗುಳೆ ಹೋದ. ಗಾರೆ ಕೆಲಸ ಮಾಡುತ್ತಿದ್ದವನು ಒಂದು ಸೌಂಡ್ ಅಂಗಡಿಗೆ ಬಾಕ್ಸ್ ಹೊರುವ ಆಳಾಗಿ ಸೇರಿಕೊಂಡ. ಹಗಲು ಹೊತ್ತ, ರಾತ್ರಿ ನೋಡಿ ಕಲಿತ. ಯಾವ ವೈರು ಯಾವ ತೂತಿಗೆ, ಬೇಸ್ ಎಷ್ಟು ಏರಿಸಿದರೆ ಸ್ಪೀಕರ್ ಹರಿಯುತ್ತದೆ, ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದರ ತಾಳವನ್ನು ಅದರೊಳಗೆ ಹೇಗೆ ಇಳಿಸಬೇಕು, ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ. ಐದು ವರ್ಷದ ಮೇಲೆ ಊರಿಗೆ ಬಂದು ಸಾಲ ಮಾಡಿ ಹಳೆಯ ಸೆಟ್ ಕೊಂಡ. ಹದಿನೆಂಟು ಇಂಚಿನ ಸ್ಪೀಕರಿನ ನಾಲ್ಕು ಬೇಸ್ ಬಾಕ್ಸ್, ನಾಲ್ಕು ಟಾಪ್, ಮಿಕ್ಸರ್, ಒಂದು ಲ್ಯಾಪ್‌ಟಾಪ್, ಜನರೇಟರ್, ಎಲ್ಲವನ್ನೂ ಹೊರುವ ಒಂದು ಮಿನಿ ಲಾರಿ. ಮದುವೆ, ಗಣಪತಿ, ಜಾತ್ರೆ, ಏಪ್ರಿಲ್ 14, ಇವೇ ಅವನ ಸುಗ್ಗಿ. ನಿದ್ದೆ ಬಾಕ್ಸಿನ ಮೇಲೆ.

ತಾತನಿಗೂ ಅವನಿಗೂ ನಡೆದ ಒಂದು ಪ್ರಸಂಗವನ್ನು ಬಿಡುವ ಹಾಗಿಲ್ಲ. ಒಂದು ದಿನ ಅವನು ಅಟ್ಟದಿಂದ ಉಳಿದಿದ್ದ ಒಂದು ಹಲಗೆ ಇಳಿಸಿ, ಹಿತ್ತಲಲ್ಲಿ ಹುಲ್ಲು ಉರಿ ಹಾಕಿ ಕಾಯಿಸಿ, ತಾತನ ಕೈಗೆ ಕೊಟ್ಟ. ಮುದುಕ ಮುಟ್ಟಲಿಲ್ಲ. ‘ಬಿಡ್ತೀವಿ ಅಂತ ಆಣಿ ಮಾಡೀವಿ, ಯಾರ ಮನಿ ಹೆಣಕ್ಕಲೇ ಇದು?’ ಅಂದ.

‘ಯಾರ ಹೆಣಕ್ಕೂ ಅಲ್ಲ ತಾತ, ನನಗ ಬೇಕು. ನೀನು ಹೋದ ಮ್ಯಾಲೆ ಯಾರು ಬಡೀತಾರ?’

ಮುದುಕ ಬಹಳ ಹೊತ್ತು ಕೂತಿದ್ದು, ಆಮೇಲೆ ಬಲಗೈಗೆ ದಪ್ಪ ಕೋಲು, ಎಡಗೈಗೆ ಸಣ್ಣ ಕಡ್ಡಿ ತಗೊಂಡ. ದೇವರ ಬಡಿತ, ಡಂಗುರದ ಬಡಿತ, ಹೆಣದ ಮುಂದಿನ ಬಡಿತ, ಎಲ್ಲ ಬಡಿದ. ಹುಡುಗ ಮೊಬೈಲಿನಲ್ಲಿ ಹಿಡಿದುಕೊಂಡ. ರಾತ್ರಿಯೆಲ್ಲ ಕೂತು ಎಫ್.ಎಲ್. ಸ್ಟುಡಿಯೋ ಎಂಬ ತಂತ್ರಾಂಶದಲ್ಲಿ ಒಂದೊಂದು ಏಟನ್ನೂ ಕತ್ತರಿಸಿ, ಸಾಲಾಗಿ ಜೋಡಿಸಿ, ಕೆಳಗೆ ಬೇಸ್ ಕೊಟ್ಟ. ಕೇಳಿಸಿದಾಗ ತಾತ ಅಂದದ್ದು ಇಷ್ಟೆ: ‘ಅದು ಹೆಣದ ಬಡಿತ ಕಣಪ್ಪಾ, ಮದುವ್ಯಾಗ ಹಾಕಬ್ಯಾಡ.’

‘ಊರೋರಿಗೇನು ಗೊತ್ತಾಗ್ತೈತಿ ತಾತ?’

ಗೊತ್ತಾಗಲಿಲ್ಲ. ಗೌಡರ ಮನೆಯ ದಿಬ್ಬಣದಲ್ಲಿ ಪೇಟ ಸುತ್ತಿದ ಹುಡುಗರು ನಮ್ಮ ಹೆಣದ ಬಡಿತಕ್ಕೆ ಬೆವರು ಹರಿಯುವಂತೆ ಕುಣಿದರು. ನಾವು ಗಾಡಿಯ ಹಿಂದೆ ನಿಂತು ನಕ್ಕೆವು. ಇಷ್ಟು ಸೇಡು ನಮಗಿರಲಿ.

ನಗು ಊಟದ ಹೊತ್ತಿಗೆ ನಿಂತಿತು. ಗಾಡಿಯ ಮೇಲೆ ನಿಂತಾಗ ಊರೆಲ್ಲ ಅವನ ಕಡೆ ಕೈ ಎತ್ತಿ ‘ಡಿ.ಜೆ., ಡಿ.ಜೆ.’ ಎಂದು ಕೂಗಿತ್ತು. ಕೆಳಗಿಳಿದ ಮೇಲೆ ‘ನಿಮ್ಮ ಹುಡುಗ್ರಿಗೆ ಅಲ್ಲೇ ಗಾಡಿ ಹತ್ರ ಕಳಿಸ್ತೀವಿ’ ಎಂದರು. ಕಳಿಸಿದ್ದು ಕಾಗದದ ತಟ್ಟೆಯಲ್ಲಿ. ಪೆಂಡಾಲಿನೊಳಗೆ ಬಾಳೆಲೆ, ನಮಗೆ ಕಾಗದ. ಸದ್ದು ಅವರ ನಡುಮನೆಯ ತನಕ ಹೋಗಿ ದೇವರ ಗೂಡಿನ ಗಂಟೆಯನ್ನೂ ಅಲ್ಲಾಡಿಸಬಹುದು, ಸದ್ದು ಮಾಡಿದವನು ಅಂಗಳ ದಾಟಬಾರದು!

ಹಾಗಾದರೆ ಏನೂ ಬದಲಾಗಲಿಲ್ಲವೇ? ಆಗಿದೆ. ಅಪ್ಪನನ್ನು ಕೂಗಿ ಕರೆದರು, ಇವನನ್ನು ಫೋನಿನಲ್ಲಿ ಕೇಳುತ್ತಾರೆ. ಅಪ್ಪನಿಗೆ ಕಾಳು ಎಸೆದರು, ಇವನಿಗೆ ಅಡ್ವಾನ್ಸ್ ಎಣಿಸುತ್ತಾರೆ. ಇವನು ‘ಆ ದಿನ ಬರಾಕ ಆಗಲ್ರಿ’ ಎನ್ನಬಲ್ಲ. ಒಲ್ಲೆ ಎನ್ನುವ ಈ ಒಂದು ಮಾತಿಗಾಗಿ ನಮ್ಮ ಹಿರಿಯರು ಬೀಸುಕಲ್ಲು ಹಿಡಿದರು. ಡಿ.ಜೆ.ಯನ್ನು ಬರೇ ಸಂಸ್ಕೃತಿಯ ನಾಶ ಎನ್ನುವ ಗೆಳೆಯರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ದೂರದ ಒಂದು ಸಂಗತಿಯನ್ನೂ ನೋಡಬೇಕು. ಜಮೈಕಾದ ಕಿಂಗ್‌ಸ್ಟನ್ನಿನ ಕರಿಯ ಬಡವರು 1950ರ ದಶಕದಲ್ಲೇ ದೊಡ್ಡ ಬಾಕ್ಸುಗಳನ್ನು ಬೀದಿಗೆ, ಅಂಗಳಕ್ಕೆ ತಂದು ತಮ್ಮದೇ ಕುಣಿತ ಕಟ್ಟಿಕೊಂಡರು. ಅಲ್ಲಿ ಹುಟ್ಟಿ ನ್ಯೂಯಾರ್ಕಿಗೆ ವಲಸೆ ಹೋದ ಕೂಲ್ ಹರ್ಕ್ ಎಂಬ ಹುಡುಗ 1973ರ ಆಗಸ್ಟ್ 11ರಂದು ಬ್ರಾಂಕ್ಸಿನಲ್ಲಿ ತನ್ನ ತಂಗಿ ಏರ್ಪಡಿಸಿದ್ದ ಕೂಟದಲ್ಲಿ ತಟ್ಟೆ ಹಾಕಿದ. ಹಾಡಿನ ನಡುವೆ ಡ್ರಮ್ ಮಾತ್ರ ಬರುವ ತುಣುಕನ್ನು ಎರಡು ತಟ್ಟೆಗಳಿಂದ ಹಿಗ್ಗಿಸುವುದು ಅವನ ಕಸುಬಾಯಿತು. ಹಿಪ್‌ಹಾಪ್ ಹುಟ್ಟಿದ ದಿನ ಎಂದು ಜಗತ್ತು ಅದನ್ನೇ ಎಣಿಸುತ್ತದೆ. ಅದೇ 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಬೂಸಾ ಮಾತು ಆಡಿದರು. ಅಮೆರಿಕದ ಬ್ಲ್ಯಾಕ್ ಪ್ಯಾಂಥರರಿಂದ ನಮ್ಮವರು 1972ರಲ್ಲಿ ಮುಂಬಯಿಯಲ್ಲಿ ಹೆಸರು ತಂದರು, ಕಿಚ್ಚು ತಂದರು. ಅವರ ಬಾಕ್ಸ್ ಮಾತ್ರ ನಮ್ಮ ಕೇರಿಗೆ ಬಹಳ ತಡವಾಗಿ, ಅದರ ಹಿಂದಿನ ಮಾತನ್ನು ಕಳಚಿಕೊಂಡು ಬಂತು. ಅಲ್ಲಿನ ಹುಡುಗರು ತಾಳದ ಮೇಲೆ ತಮ್ಮ ಬದುಕನ್ನು ಹೇಳಿದರು. ನಮ್ಮ ಹುಡುಗರು ತಾಳ ಮಾಡಿದ್ದಾರೆ, ಮಾತು ಇನ್ನೂ ಸಿನಿಮಾದವರದು.

ಕಾನೂನಿನ ಮಾತು ಬೇರೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಗಿನ 6ರ ತನಕ ಧ್ವನಿವರ್ಧಕ ಕೂಡದು. ಸುಪ್ರೀಂ ಕೋರ್ಟು 2005ರಲ್ಲಿ ಇದನ್ನು ಗಟ್ಟಿಯಾಗಿ ಹೇಳಿತು. ಒಳ್ಳೆಯ ಕಾನೂನು. ಮುದುಕರಿಗೆ, ಬಾಣಂತಿಯರಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ಬೇಕಾದ ಕಾನೂನು. ಆದರೆ ನಾವು ಕಂಡ ಹಾಗೆ ಅದು ಎಲ್ಲ ಓಣಿಯಲ್ಲೂ ಒಂದೇ ತೂಕಕ್ಕೆ ಬೀಳುವುದಿಲ್ಲ. ಒಂದು ಊರಲ್ಲಿ ಗಣಪತಿಗೆ ನಡುರಾತ್ರಿ ತನಕ ಬಾರಿಸಿದ ಇದೇ ಬಾಕ್ಸು, ಅಂಬೇಡ್ಕರ್ ಜಯಂತಿಗೆ ಸಂಜೆ ಆರಕ್ಕೆ ಊರಮುಂದಿನ ಬೀದಿಗೆ ಬಂದಾಗ ‘ಶಾಂತಿಭಂಗ’ವಾಯಿತು. ಹಾಡು ನಿಲ್ಲಿಸಿದರು, ಲ್ಯಾಪ್‌ಟಾಪ್ ಎರಡು ದಿನ ಕೊಡಲಿಲ್ಲ.

ಇನ್ನು ಕಿವಿ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಮೀರಿ ದುಡಿಯಬಾರದು, ಮೂರು ಡೆಸಿಬಲ್ ಏರಿದಂತೆಲ್ಲ ಆ ಹೊತ್ತು ಅರ್ಧವಾಗುತ್ತದೆ, 100ಕ್ಕೆ ಹದಿನೈದೇ ನಿಮಿಷ ಎನ್ನುವುದು ಕಾರ್ಮಿಕರ ಆರೋಗ್ಯ ಬಲ್ಲವರ ಲೆಕ್ಕ. ನಮ್ಮ ಹುಡುಗರು ನಾಲ್ಕೈದು ಗಂಟೆ ಬಾಕ್ಸಿಗೆ ಬೆನ್ನು ಕೊಟ್ಟೇ ನಿಲ್ಲುತ್ತಾರೆ. ಇವನನ್ನು ಈಗ ಎರಡು ಸಲ ಕರೆಯಬೇಕು. ಒಮ್ಮೆ ಭಾರತ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಿ ಬಂದ. ಅಲ್ಲಿ ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಎಂದರೆ ಲಕ್ಷಾಂತರ ಮಂದಿ ಒಮ್ಮೆಗೇ ಗಪ್ಪಾಗುತ್ತಾರೆ. ‘ಎಲ್ಲಾರೂ ಸುಮ್ಮನಾದ್ರು, ನನ್ನ ಕಿವ್ಯಾಗ ಮಾತ್ರ ಗುಂಯ್ ಅನ್ನೋದು ನಿಲ್ಲಲಿಲ್ಲ’ ಎಂದ.

2020ರಲ್ಲಿ, 2021ರಲ್ಲಿ ಕೊರೊನಾ ಎರಡು ಮದುವೆ ಸುಗ್ಗಿ ನುಂಗಿತು. ಸಾಲ ಕೊಟ್ಟವರು ಲಾರಿ ಎಳೆದುಕೊಂಡು ಹೋದರು. ಬಡ್ಡಿ ಸೇರಿಸಿ ಬಿಡಿಸಿಕೊಂಡ. ಅವನ ಅವ್ವನ ಕಿವಿಯ ಬೆಂಡೋಲೆ ಹೋದವು. ಐದೂ ತಾಲ್ಲೂಕು ಆ 2021ರಲ್ಲೇ ವಿಜಯನಗರ ಜಿಲ್ಲೆಗೆ ಸೇರಿದವು, ಕಂತು ಕಟ್ಟುವ ತಾರೀಕು ಬದಲಾಗಲಿಲ್ಲ.

ಹೋದ ದೀಪಾವಳಿ ಮುಗಿದ ಮೇಲೆ ನಾಲ್ಕು ಗಾಡಿಗಳ ಹುಡುಗರು ಕೇರಿಯ ಗುಡಿಕಟ್ಟೆಯಲ್ಲಿ ಕೂತರು. ನಾವೂ ಕೂತೆವು. ಅಡ್ವಾನ್ಸ್ ಚೀಟಿಯಲ್ಲಿ ದರ, ಡೀಸೆಲ್, ಮುಗಿಸುವ ಹೊತ್ತು ರಾತ್ರಿ ಹತ್ತು ಎಂದು ಬರೆದ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ‘ಕೆಲಸಗಾರರಿಗೆ ಊಟ ಎಲ್ಲರ ಸಾಲಿನಲ್ಲಿ, ಎಲೆ ಹಾಕಿ.’ ಒಬ್ಬ ಹುಡುಗ, ಬ್ಯಾಡ, ಗಿರಾಕಿ ಹೋಗ್ತಾರ ಎಂದ. ಹೋದರು. ಇವನ ಚೀಟಿ ಓದಿ ಮೂರು ಮನೆಯವರು ಎದ್ದು ಹೋಗಿ ದಾವಣಗೆರೆ ಕಡೆಯ ಗಾಡಿ ಹಿಡಿದರು. ಎರಡು ಮನೆಯವರು ಸಹಿ ಹಾಕಿದ್ದಾರೆ. ಒಂದು ಮದುವೆ ಆಯಿತು, ಸಾಲಿನಲ್ಲಿ ಕೂತು ಉಂಡರು. ಪಕ್ಕದಲ್ಲಿ ಕೂತಿದ್ದ ಇಬ್ಬರು ಎದ್ದು ಬೇರೆ ಸಾಲಿಗೆ ಹೋದರು, ಬಡಿಸುವವನು ಮಾತ್ರ ನಿಲ್ಲಿಸದೆ ಬಡಿಸಿದ. ಇನ್ನೊಂದು ಮದುವೆ ಹರಪನಹಳ್ಳಿ ಕಡೆ, ಬರುವ ತಿಂಗಳು.