ಎಂಟು ಗಂಟೆಯ ಟಪಾಲು

ಇಲ್ಲಿ ಬರೆದು ಬಹಳ ದಿನ ಆಯ್ತು. ಕೆಲಸ ಅಂತ ನೆಪ ಹೇಳಬಹುದು, ನಿಜವಾದ ಕಾರಣ ಸೋಮಾರಿತನ :-) ಇವತ್ತು ಆ ಸೋಮಾರಿತನದ್ದೇ ಕಥೆ.

ನಮ್ಮೂರು ಸವದತ್ತಿ ತಾಲೂಕಿನಲ್ಲಿ, ಮುನವಳ್ಳಿ ಹತ್ತಿರ. ಅಪ್ಪ ಮೂವತ್ತು ವರ್ಷ ಊರಿನ ಪೋಸ್ಟಿನಲ್ಲಿದ್ದವರು. ಸಿಕ್ಕಾ ಹೊಡೆಯೋದೂ ಅವರೇ, ಸೈಕಲ್ ತುಳಿದು ಟಪಾಲು ಹಂಚೋದೂ ಅವರೇ. ರಿಟೈರ್ ಆದ ಮೇಲೆ ಫೋನಿನಲ್ಲಿ ಇಮೇಲ್ ಓದೋದು ಕಲಿತರು. ವಾಟ್ಸಾಪ್ ಮಾತ್ರ ಸೇರಲ್ಲ. "ಅದು ಮಾತು, ಪತ್ರ ಅಲ್ಲ" ಅಂತಾರೆ. ಹಾಗಾಗಿ ಬೆಂಗಳೂರಿಂದ ನಾನು ದಿನಾ ಒಂದು ಮೇಲ್ ಹಾಕಬೇಕು ಅಂತ ಕರಾರು.

ಮೊದಲ ವಾರ ಹಾಕಿದೆ... ಆಮೇಲೆ ಒಳಗಿನ ಇಂಜಿನಿಯರ್ ಎದ್ದು ಕೂತ. ಲಿನಕ್ಸಿನಲ್ಲಿ ಮೇಲ್ ಕಳಿಸೋಕೆ ಬ್ರೌಸರ್ ಬೇಕಿಲ್ಲ. ಟರ್ಮಿನಲ್‌ನಲ್ಲಿ 'ಮೇಲ್' ಅಂತ ಟೈಪ್ ಮಾಡಿ, ವಿಷಯ ವಿಳಾಸ ಕೊಟ್ಟು, ನಾಲ್ಕು ಸಾಲು ಬರೆದು ಕಂಟ್ರೋಲ್-ಡಿ ಒತ್ತಿದರೆ ಹೋಯ್ತು. ಸಾಗಿಸೋಕೆ ಎಂಎಸ್‌ಎಂಟಿಪಿ ಅನ್ನೋ ಪುಟ್ಟ ಪ್ರೋಗ್ರಾಂ ಹಾಕಿಕೊಂಡೆ. ಜಿಮೇಲ್ 2022ರಿಂದ ಇಂಥವಕ್ಕೆ ಮಾಮೂಲಿ ಪಾಸ್‌ವರ್ಡ್ ಒಪ್ಪಲ್ಲ, 16 ಅಕ್ಷರದ ಆಪ್ ಪಾಸ್‌ವರ್ಡ್ ಬೇರೆ ಮಾಡಿಕೊಳ್ಳಬೇಕು. ಕೊನೆಗೆ ಕ್ರಾನ್‌ಗೆ ಒಂದು ಸಾಲು: ದಿನಾ ಬೆಳಿಗ್ಗೆ 8ಕ್ಕೆ, ಫೈಲಿನಲ್ಲಿರೋ ಹತ್ತು ಒಕ್ಕಣೆಗಳಲ್ಲಿ ಒಂದನ್ನ ಆರಿಸಿ ಅಪ್ಪನಿಗೆ ಕಳಿಸು. "ಆರಾಮ ಅದೀನಿ, ಊಟ ಆತು, ನೀವೂ ಆರಾಮ ಇರ್ರಿ." ಆಹಾ, ಎಷ್ಟು ಜಾಣ ನಾನು!

ಕೆಲವು ತಿಂಗಳು ಸುಸೂತ್ರವಾಗಿ ನಡೀತು. ಆಮೇಲೆ ನನಗೆ ಡೆಂಗಿ ಬಂತು. ಆಸ್ಪತ್ರೆ, ಡ್ರಿಪ್, ಮೂರು ದಿನ ಮೈಮೇಲೆ ಎಚ್ಚರವಿಲ್ಲ. ರೂಮ್‌ಮೇಟ್ ಊರಿಗೆ ಫೋನ್ ಮಾಡಿದ. ಅಪ್ಪ ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಅವರ ಫೋನಿಗೆ ಮೇಲ್ ಬಂತು. "ಆರಾಮ ಅದೀನಿ..."

ಅಲ್ಲಿ ಅವರು ಏನೂ ಅನ್ನಲಿಲ್ಲ. ಹುಷಾರಾಗಿ ಊರಿಗೆ ಹೋದ ಮೇಲೆ ಒಂದು ಸಂಜೆ ಕಟ್ಟೆ ಮೇಲೆ ಕೂತಾಗ ಅಂದರು: "ತಮ್ಮಾ, ಸಿಕ್ಕಾ ಹೊಡದ ಕೈ ಇದು. ಪತ್ರದ ಮ್ಯಾಲಿನ ಹೊತ್ತು ನಾ ನೋಡೂದಿಲ್ಲೇನು? ದಿನಾ ಎಂಟಂದ್ರ ಎಂಟು. ಮನಷ್ಯಾ ಬರದದ್ದು ಹಂಗ ಬರೂದಿಲ್ಲ. ನನಗ ಮೊದಲ ಗೊತ್ತಿತ್ತು."

ನನಗೆ ತಲೆ ಎತ್ತಲು ಆಗಲಿಲ್ಲ. ಅವರೇ ಮಾತು ತಿರುಗಿಸಿದರು. "ಅದು ಹೆಂಗ ಹೋಗತೈತಿ, ತೋರ್ಸು ನೋಡೂಣು."

ಲ್ಯಾಪ್‌ಟಾಪ್ ತಂದು ಡೀಬಗ್ ಹಾಕಿ ತೋರಿಸಿದೆ. ಎರಡು ಮಷೀನುಗಳ ಮಾತುಕತೆ ಸಾಲುಸಾಲಾಗಿ ಕಾಣುತ್ತೆ. ಮೊದಲು ನಮಸ್ಕಾರ, ಆಮೇಲೆ ಯಾರಿಂದ, ಯಾರಿಗೆ. ಇವೆರಡು ಲಕೋಟೆ ಮೇಲಿನ ವಿಳಾಸ. ನಂತರ 'ಡೇಟಾ', ಅಂದರೆ ಒಳಗಿನ ಪತ್ರ. ಬರೀ ಒಂದು ಚುಕ್ಕಿ ಇರೋ ಸಾಲು ಬಂದರೆ ಪತ್ರ ಮುಗೀತು. ದಾರಿಯಲ್ಲಿ ಸಿಗೋ ಪ್ರತಿ ಸರ್ವರ್ರೂ ತಾರೀಕು, ಸಮಯ ಸಮೇತ 'ರಿಸೀವ್ಡ್' ಅಂತ ಒಂದು ಸಾಲು ಸೇರಿಸುತ್ತೆ.

"ಅಂದ್ರ ನಿಮ್ಮ ಮಷೀನೂ ಸಿಕ್ಕಾ ಹೊಡಿತಾವು!" ಅಪ್ಪ ನಕ್ಕರು. 1982ರಲ್ಲಿ ಈ ನಿಯಮ ಬರೆದವನ ಹೆಸರು ಜಾನ್ ಪೋಸ್ಟೆಲ್ ಅಂದಾಗ ಇನ್ನೂ ಜೋರಾಗಿ ನಕ್ಕರು. "ಹೆಸರಿನ್ಯಾಗ ಪೋಸ್ಟ್ ಐತಲ್ಲೋ!"

ಆಮೇಲೆ ಸುಮ್ಮನಾಗಿ ಅಂದರು: "ಒಳಗ ಏನೈತಿ ಅಂತ ನಾನೂ ಎಂದೂ ನೋಡಿದಾಂವಲ್ಲ. ಟಪಾಲಿನಾಂವಗ ಅದು ಬೇಕಾಗಿಲ್ಲ. ಆದ್ರ ಅಪ್ಪಗ ಬೇಕು."

ಅವತ್ತೇ ಕ್ರಾನ್‌ನ ಆ ಸಾಲು ಅಳಿಸಿದೆ. ಟರ್ಮಿನಲ್ ಬಿಟ್ಟಿಲ್ಲ, ಚಟ ಅದು. ಈಗ ಅದರಲ್ಲೇ ಕೈಯಾರೆ ಬರೀತೀನಿ, ವಾರಕ್ಕೆ ಎರಡೋ ಮೂರೋ. ಮೊದಲನೇದು ಹೋಗಿದ್ದು ರಾತ್ರಿ 11:40ಕ್ಕೆ. "ಅಪ್ಪಾ, ಇವತ್ತ ಕೆಲಸದಾಗ ಬೈಸಿಕೊಂಡೆ, ಮನಸ್ಸು ಸರಿ ಇಲ್ಲ" ಅಂತ ಬರೆದಿದ್ದೆ.

ಮೂರೇ ನಿಮಿಷಕ್ಕೆ ಉತ್ತರ: "ಈಗ ನಿನ್ನ ಪತ್ರ ಮುಟ್ಟಿತು."

ನೀವು ಮನೆಗೆ ಕೊನೆಯದಾಗಿ ಪತ್ರ ಬರೆದಿದ್ದು ಯಾವಾಗ?